ಬೆನ್ನಿರುವ ಜಾಕೀಟು

ಮಾರ್ಚ್ 3, ಸೋಮವಾರ

ಉಪವಾಸ. ಬೆಳಿಗ್ಗೆ ಒಂದು ಲೋಟ ಹಾಲು, ಅಷ್ಟೆ. ಅಂಗಳ ಗುಡಿಸಿ, ನೀರು ತುಂಬಿಸಿ, ಅತ್ತೆಯ ಸ್ನಾನಕ್ಕೆ ಬಿಸಿನೀರು ಕೊಟ್ಟು, ಇವರ ಬುತ್ತಿ ಕಟ್ಟಿ ಕಳಿಸಿ, ದೀಪ ಹಚ್ಚಿ ಕೂತೆ. ಕೂತದ್ದು ಪ್ರಾರ್ಥನೆಗೆ. ಮನಸ್ಸು ಹೋದದ್ದು ಬೀರುವಿನ ಮೇಲೆ ಮಡಿಚಿಟ್ಟ ಹಳೇ ಪರದೆಗೆ. ಜೇನಿನ ಬಣ್ಣ, ದಪ್ಪ ಹತ್ತಿ. ಅಂಚು ಬಿಸಿಲಿಗೆ ಮಾಸಿದೆ, ನಡುವೆ ಗಟ್ಟಿಯಾಗಿದೆ. ದೇವರೇ, ಕ್ಷಮಿಸು. ಒಂದು ಜಾಕೀಟಿಗೆ ಧಾರಾಳವಾಗಿ ಆಗುತ್ತದೆ.

ಸಂಗತಿ ಇಷ್ಟು. ಮುಂದಿನ ತಿಂಗಳು ಶಾಲೆಯ ವಾರ್ಷಿಕೋತ್ಸವ. ಈ ಸಲ ಹಳೇ ಕಾಲದ ಉಡುಪು ಹಾಕಿಕೊಂಡು ವೇದಿಕೆಯ ಮೇಲೆ ನಡೆಯುವ ಕಾರ್ಯಕ್ರಮ. ಯಾರು ಬೇಕಾದರೂ ಹೆಸರು ಕೊಡಬಹುದು ಎಂದಿದ್ದಾರೆ ದೊಡ್ಡ ಮೇಡಂ. ಆ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುವವಳು ನಾನು. ಪ್ರತಿ ವರ್ಷ ವೇದಿಕೆಯ ಪರದೆಯ ಹಿಂದೆ, ತುಟಿಯಲ್ಲಿ ಪಿನ್ನು ಕಚ್ಚಿಕೊಂಡು, ಇನ್ನೊಬ್ಬರ ಲಂಗದ ಅಂಚು ಸರಿ ಮಾಡುತ್ತಾ ನಿಂತಿರುತ್ತೇನೆ. ಮನೆಯಲ್ಲೂ ಹಾಗೇ — ಹೊಲಿದದ್ದೆಲ್ಲ ಇನ್ನೊಬ್ಬರ ಮೈಮೇಲೆ.

ಈ ಸಲ ನನಗೇ ಒಂದು ಹೊಲಿದುಕೊಳ್ಳಬೇಕು. ಹಾಕಿಕೊಂಡು ಆ ಪರದೆಯ ಮುಂದೆ ನಡೆಯಬೇಕು.

ಬರೆದಾಯಿತು. ಇನ್ನು ಹಿಂದೆ ಸರಿಯುವ ಹಾಗಿಲ್ಲ.

ಮಾರ್ಚ್ 5, ಮಧ್ಯಾಹ್ನ

ಅಮ್ಮನ ಮದುವೆಯ ಫೋಟೋ ಗೋಡೆಯಿಂದ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದೆ. ಸ್ಟುಡಿಯೋದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾಳೆ. ಎತ್ತರದ ಕಾಲರ್. ಪಫ್ ತೋಳು. ಎದೆಯ ಮೇಲೆ ಲೇಸು, ನಡುವೆ ಸಾಲಾಗಿ ಸಣ್ಣ ಸಣ್ಣ ಗುಂಡಿ. ಪಕ್ಕೆಯಲ್ಲಿ ಹಿಂದಕ್ಕೆ ಎಳೆದ ಹಾಗೆ ಗೆರೆಗಳಿವೆ. ಬಟ್ಟೆ ಮಡಿಸಿ ಟಕ್ಸ್ ಹಿಡಿದಿರಬೇಕು.

ಇಂಥದ್ದನ್ನು ಅಮ್ಮ ಹಾಕಿಕೊಂಡದ್ದು ನಾನೆಂದೂ ಕಂಡಿಲ್ಲ. ಎಲ್ಲಿ ಹೋಯಿತು, ಯಾರಿಗೆ ಕೊಟ್ಟಳು... ಇದ್ದಾಗ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವಳಿಲ್ಲ.

ಅತ್ತೆ ಮಂಚದಿಂದಲೇ ಕೇಳಿದರು. "ಏನೇ ಅದು, ಗೋಡೆಯಿಂದ ಏನಿಳಿಸ್ದೆ?" ಅವರ ಕಣ್ಣಿಗೆ ಪೊರೆ. ದೂರದ್ದೆಲ್ಲ ಮಸುಕು. ಕಿವಿ ಮಾತ್ರ ಚುರುಕು.

"ಅಮ್ಮನ ಫೋಟೋ, ಅತ್ತೆ. ನನಗೊಂದು ಹಳೇ ಕಾಲದ ಜಾಕೀಟು ಹೊಲ್ಕೋಬೇಕು ಅಂತ."

"ನಿನಗಾ?"

ಅಷ್ಟೇ ಹೇಳಿದ್ದು. ಆ ಒಂದು ಮಾತಿನಲ್ಲೇ ನನ್ನ ಐವತ್ತು ವರ್ಷ ಅಳೆದು, ಮಡಿಚಿ, ಮೂಲೆಗಿಟ್ಟರು.

ಮಾರ್ಚ್ 9, ಭಾನುವಾರ

ಬೀದಿಯವರ ಬೆನ್ನೆಲ್ಲ ಅಳೆದಿದ್ದೇನೆ. ನನ್ನ ಬೆನ್ನು ನನ್ನ ಕೈಗೆ ಸಿಗುವುದಿಲ್ಲ. ಇವರನ್ನು ಕರೆದೆ. ಬಡಗಿಯನ್ನು ಕಟ್ಟಿಕೊಂಡ ಮೇಲೆ ಅಳತೆಗೇನು ಬರ.

"ರೀ, ಬೆನ್ನಿನ ಅಳತೆ ಸ್ವಲ್ಪ ಹಿಡೀರಿ."

"ಯಾಕೆ, ಬಾಗಿಲು ಮಾಡ್ಬೇಕಾ?"

ನನ್ನ ಬಟ್ಟೆಯ ಟೇಪು ಬೇಡವಂತೆ, ಜಗ್ಗುತ್ತದಂತೆ. ತಮ್ಮ ಉಕ್ಕಿನ ಟೇಪನ್ನೇ ಎಳೆದು ಬೆನ್ನಿಗಿಟ್ಟರು. ತಣ್ಣಗೆ ಕೊರೆಯಿತು. ಕಿವಿಯ ಸಂದಿನ ಪೆನ್ಸಿಲು ತೆಗೆದು ಅಂಗೈ ಮೇಲೆ ಬರೆದುಕೊಂಡರು. ಆಮೇಲೆ ಕೈಚೀಲದಿಂದ ಮಟ್ಟ ನೋಡುವ ಗುಳ್ಳೆಯ ರಸಮಟ್ಟ ತೆಗೆದು ನನ್ನ ಕತ್ತಿನ ಹಿಂದೆ, ಎರಡು ಭುಜದ ಮೇಲೆ ಅಡ್ಡಲಾಗಿ ಕೂರಿಸಿದರು.

"ನೋಡೇ, ನಿನ್ನ ಬಲಭುಜ ಇಳಿದಿದೆ. ಗುಳ್ಳೆ ಎಡಕ್ಕೆ ಓಡ್ತಿದೆ."

"ಮೆಷಿನ್ ಮೇಲೆ ಬಗ್ಗಿ ಬಗ್ಗಿ ಹಾಗಾಗಿದೆ. ಏನ್ ಮಾಡ್ಲಿ."

"ಏನೂ ಮಾಡ್ಬೇಡ. ಇಳಿದಿರೋ ಹಾಗೇ ಹೊಲಿ. ಗೋಡೆ ಸೊಟ್ಟ ಇದ್ರೆ ನಾವೇನು ಗೋಡೆ ಕೆಡವ್ತೀವಾ? ಚೌಕಟ್ಟನ್ನ ಅದಕ್ಕೆ ಹೊಂದಿಸ್ತೀವಿ."

ಇಷ್ಟು ವರ್ಷ ನನ್ನ ಬಟ್ಟೆ ಬಲಕ್ಕೆ ಜಾರಿದಾಗಲೆಲ್ಲ ಎಳೆದುಕೊಂಡು ಸುಮ್ಮನಾಗಿದ್ದೇನೆ. ಎರಡು ಭುಜಕ್ಕೆ ಎರಡು ಅಳತೆ ಇಡಬಹುದೆಂದು ಹೊಳೆದೇ ಇರಲಿಲ್ಲ. ಸಂಜೆ ಪರದೆ ಹಾಸಿ, ದೇವರನ್ನು ನೆನೆದು ಕತ್ತರಿ ಇಟ್ಟೆ. ಬಲ ಬೇರೆ, ಎಡ ಬೇರೆ.

ಮಾರ್ಚ್ 10, ಸೋಮವಾರ

ಉಪವಾಸ. ಹೊಲಿಗೆ ಮುಟ್ಟಲಿಲ್ಲ. ಪ್ರಾರ್ಥನೆಯ ನಡುವೆ ಒಂದೇ ಪ್ರಶ್ನೆ. ಈ ವಯಸ್ಸಿನಲ್ಲಿ ಕನ್ನಡಿಯ ಮುಂದೆ ಇಷ್ಟು ಹೊತ್ತು... ಇದು ಗರ್ವವೋ? ಗರ್ವವಾದರೆ ಕೈ ತಡೆ, ದೇವರೇ.

ತಡೆಯಲಿಲ್ಲ. ನಾಳೆ ತೋಳು.

ಮಾರ್ಚ್ 14, ಶುಕ್ರವಾರ

ಕೆಟ್ಟಿತು. ಫೋಟೋದಲ್ಲಿದ್ದ ಹಾಗೆ ಪಕ್ಕೆಗೆ ಟಕ್ಸ್ ಹಿಡಿದೆ. ಗೆರೆ ಬರುವ ಬದಲು ಬಟ್ಟೆ ಉಬ್ಬಿ ನಿಂತಿತು. ಬಿಚ್ಚಿದೆ. ಮತ್ತೆ ಹಿಡಿದೆ. ಮತ್ತೆ ಉಬ್ಬಿತು. ಮತ್ತೆ ಬಿಚ್ಚಿದೆ. ಸಾಲದ್ದಕ್ಕೆ ಬೆನ್ನು ಚೀಲದ ಹಾಗೆ ಜೋತು ಬಿದ್ದಿದೆ.

ಅದೇ ಹೊತ್ತಿಗೆ ನಾದಿನಿ ಬಂದಳು. ಇವರ ತಂಗಿ, ಆ ಶಾಲೆಯಲ್ಲೇ ಟೀಚರು. ಕಾರ್ಯಕ್ರಮದಲ್ಲಿ ಎಲ್ಲರಿಗಿಂತ ಮುಂದೆ ನಡೆಯುವವಳು ಅವಳೇ.

"ಅತ್ತಿಗೆ, ಇದು ನಮ್ಮ ನಡುಮನೆ ಪರದೆ ಅಲ್ವಾ?"

"ಹೌದು ಕಣೇ."

"ನೀವೂ ನಡೀತೀರಾ?" ನಗು ತಡೆದುಕೊಂಡಳು, ಪೂರ್ತಿ ತಡೆಯಲಾಗಲಿಲ್ಲ. "ಹಿಂದೆ ಪಿನ್ ಹಾಕೋಕೆ ಯಾರಿರ್ತಾರೆ ಹಾಗಾದ್ರೆ?"

ಎದ್ದು ಟೀ ಮಾಡಿಕೊಟ್ಟೆ.

ಮಾರ್ಚ್ 16, ಭಾನುವಾರ, ಸಂಜೆ

ಇವತ್ತಿನದನ್ನು ವಿವರವಾಗಿ ಬರೆಯಬೇಕು.

ಬೆನ್ನು ಯಾಕೆ ಜೋತು ಬಿದ್ದಿದೆ ಎಂದು ಇವರ ಅಳತೆ ಕೇಳಿ ಕೇಳಿ ಲೆಕ್ಕ ಹಾಕಿದರೆ — ಪ್ರತಿ ಅಳತೆಗೂ ಒಂದಿಷ್ಟು ಹೆಚ್ಚು ಸೇರಿಸಿದ್ದಾರೆ ಮಹಾರಾಯರು.

"ಮರ ಕುಯ್ದಾಗ ಗರಗಸ ಸ್ವಲ್ಪ ತಿನ್ನುತ್ತಲ್ಲ, ಅದಕ್ಕೆ ಅಂತ ಬಿಟ್ಟಿದ್ದೆ."

"ಕತ್ತರಿ ಬಟ್ಟೆ ತಿನ್ನುತ್ತೇನ್ರೀ?"

"ನನಗೇನು ಗೊತ್ತು. ನೀನು ಹೇಳ್ಬೇಕಿತ್ತು."

ಅದರ ಮೇಲೆ ಹೊಲಿಗೆಯ ಅಂಚಿಗೆಂದು ನಾನು ಬಿಟ್ಟದ್ದು ಬೇರೆ. ಇಬ್ಬರೂ ಬಿಟ್ಟರೆ ಚೀಲವಾಗದೆ ಇನ್ನೇನಾದೀತು. ನಗು ಬಂತು. ಅವರಿಗೆ ನಾಚಿಕೆಯಾಯಿತೋ ಏನೋ, ಒಣಹಾಕಿದ್ದ ಬಟ್ಟೆಯಿಂದ ನಾಲ್ಕು ಕ್ಲಿಪ್ಪು ಕಿತ್ತು ತಂದು, ನಾನು ತೊಟ್ಟಿದ್ದ ಜಾಕೀಟಿನ ಹೆಚ್ಚಿನ ಬಟ್ಟೆಯನ್ನೆಲ್ಲ ಹಿಂದೆ ಒಟ್ಟು ಮಾಡಿ ಕಚ್ಚಿಸಿದರು. "ಈಗ ನೋಡ್ಕೋ, ಸರಿಯಾಯ್ತು."

ಕನ್ನಡಿ ನೋಡಿದೆ. ಪಕ್ಕೆಯಲ್ಲಿ ಗೆರೆಗಳು. ಹಿಂದಕ್ಕೆ ಎಳೆದ ಹಾಗೆ. ಫೋಟೋದಲ್ಲಿದ್ದ ಗೆರೆಗಳೇ.

ಅತ್ತೆ ಕರೆದರು. "ಇಲ್ಲಿ ಬಾರೇ. ಹತ್ತಿರ ಬಾ." ಹೋಗಿ ಮಂಚದ ಪಕ್ಕ ನಿಂತೆ. ಅವರ ಬೆರಳು ಲೇಸಿನ ಮೇಲೆ ಓಡಿತು, ಗುಂಡಿಯ ಮೇಲೆ ಓಡಿತು, ಬೆನ್ನಿಗೆ ಹೋಗಿ ಕ್ಲಿಪ್ಪಿಗೆ ತಾಕಿತು. ಬೆರಳನ್ನು ಅಲ್ಲೇ ನಿಲ್ಲಿಸಿ ನಗತೊಡಗಿದರು. ಅತ್ತೆ ಹಾಗೆ ನಕ್ಕದ್ದು ಯಾವ ಕಾಲದಲ್ಲೋ.

"ಸ್ಟುಡಿಯೋದವನೂ ಹಿಂಗೇ ಮಾಡಿದ್ದ ಕಣೇ."

"ಯಾವ ಸ್ಟುಡಿಯೋದವನು, ಅತ್ತೆ?"

"ಆಗ ಇದ್ದದ್ದೇ ಒಂದು. ಜಾಕೀಟು ಅವನದು. ಗೂಟಕ್ಕೆ ನೇತು ಹಾಕಿರ್ತಿದ್ದ. ಫೋಟೋಗೆ ಹೋದೋರಿಗೆಲ್ಲ ಅದನ್ನೇ ತೊಡಿಸೋದು. ಸಣ್ಣಗಿದ್ದೋಳಿಗೆ ಹಿಂದೆ ಪಿನ್ನು. ದಪ್ಪಗಿದ್ದೋಳಿಗೆ ಹಿಂದೆ ತೆರೆದೇ ಬಿಡೋದು. ಮುಂದೆ ಚೆಂದ ಕಂಡ್ರೆ ಆಯ್ತಲ್ಲ."

ಟ್ರಂಕಿನ ತಳದಿಂದ ಅವರ ಮದುವೆಯ ಫೋಟೋ ತೆಗೆಸಿದರು. ಅದೇ ಕುರ್ಚಿ. ಅದೇ ಕಾಲರ್, ಅದೇ ಲೇಸು. ಅದೇ ಜಾಕೀಟು. ಅಮ್ಮನ ಪಕ್ಕ ಇಟ್ಟು ನೋಡಿದೆ. ಇಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದಾರೆ — ಪಿನ್ನು ಚುಚ್ಚೀತೆಂದು.

ಅಮ್ಮನಿಗೆ ಅಂಥ ಜಾಕೀಟೇ ಇರಲಿಲ್ಲ. ಫೋಟೋ ತೆಗೆದ ಮೇಲೆ ಬಿಚ್ಚಿಸಿಕೊಂಡು ಮುಂದಿನವಳಿಗೆ ತೊಡಿಸಿದ್ದಾನೆ. ನಾನು ಇಷ್ಟು ದಿನ ನೋಡಿ ನೋಡಿ ಆಸೆಪಟ್ಟದ್ದು ಬರೀ ಮುಂಭಾಗ.

ಕ್ಲಿಪ್ಪು ಕಿತ್ತು ಹಾಕಿದೆ. ಟಕ್ಸ್ ಹಿಡಿಯುವುದಿಲ್ಲ. ಬೆನ್ನು ಪೂರ್ತಿ ಬಿಚ್ಚಿ ಹೊಸದಾಗಿ ಕತ್ತರಿಸುತ್ತೇನೆ.

ಮಾರ್ಚ್ 17, ಸೋಮವಾರ

ಉಪವಾಸ. ತುಳಸಿಗೆ ನೀರು ಹಾಕುವಾಗ ಒಂದು ಎಲೆ ತಿರುವಿ ನೋಡಿದೆ. ದೇವರು ಹಿಂಭಾಗಕ್ಕೂ ನರ ಇಟ್ಟಿದ್ದಾನೆ, ಒಂದೂ ಬಿಡದೆ. ಯಾರು ನೋಡುತ್ತಾರೆಂದು ಅವನು ಕೇಳಿಕೊಂಡಿಲ್ಲ.

ಗರ್ವದ ಪ್ರಶ್ನೆ ಮತ್ತೆ ಎತ್ತುವುದಿಲ್ಲ.

ಮಾರ್ಚ್ 29

ಬರೆಯಲು ಬಿಡುವಾಗಲಿಲ್ಲ. ಜಾಕೀಟು ಮುಗಿದಿದೆ.

ಮುಂದೆ ಗುಂಡಿ, ಹಿಂದೆಯೂ ಕಾಲರಿನಿಂದ ಸೊಂಟದ ತನಕ ಸಣ್ಣ ನೆರಿಗೆ, ನೆರಿಗೆಯ ನಡುವೆ ಲೇಸು. ಲೇಸು ಹಳೇ ದಿಂಬಿನ ಚೀಲದ್ದು. ಒಳಗಿನ ಹೊಲಿಗೆಯೂ ತಿರುವಿ ಹಾಕಿದರೆ ಹೊರಗಿನಷ್ಟೇ ಚೊಕ್ಕ. ಹಾಕಿಕೊಂಡು ಕೈ ಎತ್ತಿದೆ, ಬಗ್ಗಿದೆ, ಕೊಡ ಎತ್ತಿದೆ. ಎಲ್ಲೂ ಹಿಡಿಯಲಿಲ್ಲ. ಬಲಕ್ಕೆ ಜಾರಲಿಲ್ಲ.

ಇವರು ಒಂದು ಸುತ್ತು ಬಂದು ನೋಡಿದರು. "ಗುಳ್ಳೆ ನಡುವೆ ನಿಂತಿದೆ," ಎಂದರು.

ಏಪ್ರಿಲ್ 2, ಬುಧವಾರ

ನಾದಿನಿ ಬಂದಳು. ಬಾಡಿಗೆಗೆ ತಂದ ಉಡುಪು ಅವಳಿಗೆ ಹಿಡಿಸಿಲ್ಲ. ಗೂಟದಲ್ಲಿದ್ದ ಜಾಕೀಟು ಕಂಡು ಕೈಗೆತ್ತಿಕೊಂಡಳು. ಕೇಳದೇ ತೊಟ್ಟುಕೊಂಡಳು.

"ಅತ್ತಿಗೆ, ಆ ದಿನಕ್ಕೆ ಇದನ್ನ ನನಗೆ ಕೊಡಿ. ಮುಂದೆ ನಡೆಯೋಳು ನಾನು. ನಿಮಗೆ ಪರದೆ ಹಿಂದೆ ಹೇಗೂ ಕೆಲಸ ಇರುತ್ತೆ."

ಮೊದಲಾಗಿದ್ದರೆ "ತಗೋ" ಎನ್ನುವುದು ಬಾಯಿಗೆ ತಾನಾಗಿ ಬರುತ್ತಿತ್ತು. ಇವತ್ತೂ ಬಂತು, ತುಟಿಯ ತನಕ. ಅಷ್ಟರಲ್ಲಿ ಅವಳು ಬಲತೋಳು ಎಳೆದುಕೊಂಡಳು. ಅವಳ ಭುಜ ಎರಡೂ ಒಂದೇ ಸಮ. ಬಲಗಡೆ ಬಿಗಿದು ಕಾಲರ್ ಕತ್ತಿಗೆ ಅಡ್ಡ ಬಂತು. ಬೆನ್ನು ಸಡಿಲ.

"ಪರವಾಗಿಲ್ಲ. ಹಿಂದೆ ನಾಲ್ಕು ಪಿನ್ ಹಾಕ್ಬಿಡಿ. ಯಾರು ನೋಡ್ತಾರೆ?"

"ಇಲ್ಲ ಕಣೇ," ಎಂದೆ. ನನ್ನ ದನಿ ನನಗೇ ಹೊಸದು. "ಇದಕ್ಕೆ ಪಿನ್ ಹಾಕೋಲ್ಲ. ಇದು ನನ್ನ ಅಳತೆದು. ನಾನೇ ಹಾಕ್ಕೋತೀನಿ."

ಅವಳು ಅತ್ತೆಯ ಕಡೆ ತಿರುಗಿದಳು. "ಅಮ್ಮಾ, ನೀನಾದ್ರೂ ಹೇಳು."

ಅತ್ತೆ ಗೋಡೆಯ ಕಡೆ ಮಗ್ಗುಲು ಬದಲಿಸಿದರು. "ಹೇಳೋದೇನಿದೆ. ಬಿಚ್ಚಿ ಕೊಡು ಅವಳಿಗೆ."

ಏಪ್ರಿಲ್ 6, ಭಾನುವಾರ

ನಿನ್ನೆ ನಡೆದೆ.

ಪರದೆಯ ಹಿಂದೆ ನನ್ನ ಸರದಿಗೆ ಕಾದು ನಿಂತೆ. ಮುಂದಿನವರೆಲ್ಲ ಬಾಡಿಗೆಯ ರೇಷ್ಮೆ, ಬಾಡಿಗೆಯ ಮಿಂಚು. ಮೈಕು ಹಿಡಿದಿದ್ದ ದೊಡ್ಡ ಮೇಡಂ ಪ್ರತಿಯೊಬ್ಬರಿಗೂ "ಒಂದು ಸುತ್ತು ತಿರುಗಿ, ಹಿಂದಿನವರೂ ನೋಡಲಿ" ಎನ್ನುತ್ತಿದ್ದರು. ಯಾರೂ ತಿರುಗಲೊಲ್ಲರು. ಒಬ್ಬರು ಕೈ ಮುಗಿದು ಹಿಂದಕ್ಕೇ ನಡೆದರು. ನಾದಿನಿ ಗೋಡೆಗೆ ಅಂಟಿಕೊಂಡ ಹಾಗೆ ಅಡ್ಡಡ್ಡ ಸರಿದು ಒಳಗೆ ಬಂದಳು. ಎಲ್ಲರ ಬೆನ್ನ ತುಂಬ ಪಿನ್ನು. ಹಾಕಿದವಳು ನಾನೇ ಅಲ್ಲವೇ, ನನಗೆ ಗೊತ್ತಿಲ್ಲವೇ.

ಕೊನೆಗೆ ನಾನು. "ನಮ್ಮ ಯೂನಿಫಾರಂ ಅಮ್ಮ" ಎಂದು ಕರೆದರು. ನಡೆದೆ. ನಡುವೆ ಬಂದು ನಿಂತೆ. "ಒಂದು ಸುತ್ತು ತಿರುಗ್ತೀರಾ?" ಎಂದರು ಮೇಡಂ, ಆಗುವುದಿಲ್ಲ ಎನ್ನುವುದನ್ನು ಕೇಳಿ ಕೇಳಿ ಸೋತ ದನಿಯಲ್ಲಿ.

ತಿರುಗಿದೆ. ನಿಧಾನವಾಗಿ. ಬೆನ್ನು ಸಭೆಗೆ ಕೊಟ್ಟು ಅಲ್ಲೇ ನಿಂತೆ.

ಹಿಂದಿನ ಸಾಲಿನಿಂದ ಶುರುವಾಗಿ ಇಡೀ ಸಭಾಂಗಣದಲ್ಲಿ ಚಪ್ಪಾಳೆ. ಬೆನ್ನಿಗೆ ಬಿಸಿ ತಾಕಿದ ಹಾಗಾಯಿತು. ಎದುರಿಗೆ, ಪರದೆಯ ಸಂದಿನಲ್ಲಿ, ನಾದಿನಿ ಪಿನ್ನುಗಳ ನಡುವೆಯೇ ಕೈ ಎತ್ತಿ ತಟ್ಟುತ್ತಿದ್ದಳು. ಒಂದು ಪಿನ್ನು ಟಪ್ಪೆಂದು ಬಿತ್ತು. ಆದರೂ ತಟ್ಟಿದಳು.

ಅಮ್ಮಾ, ನಾನು ತಿರುಗಿದೆ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಕೇಳಿದರು. ನನ್ನ ಬೆನ್ನು ಸವರಿ — "ನನಗೂ ಒಂದು ಹೊಲಿ. ಬೆನ್ನಿರೋದು."

ಏಪ್ರಿಲ್ 10

ನಾನು ಪ್ರಾರ್ಥನೆಗೆ ಕೂತಿದ್ದಾಗ ಸ್ಟುಡಿಯೋದವನು ಬಂದು ಅತ್ತೆಯ ಕೈಗೆ ಚೀಟಿ ಕೊಟ್ಟು ಹೋಗಿದ್ದಾನೆ. ಆ ಹಳೇ ಸ್ಟುಡಿಯೋದವನ ಮೊಮ್ಮಗ. ಸಭೆಯಲ್ಲಿ ಫೋಟೋ ತೆಗೆದವನು. ಜಾಕೀಟನ್ನು ಸ್ಟುಡಿಯೋಗೆ ಕೊಡಬೇಕಂತೆ. ಮದುವೆಯ ಹುಡುಗಿಯರು ತೊಟ್ಟು ಫೋಟೋ ತೆಗೆಸಿಕೊಳ್ಳುತ್ತಾರಂತೆ. "ಅಳತೆಯ ಚಿಂತೆ ಬೇಡ, ಹಿಂದೆ ಪಿನ್ ಹಾಕಿಕೊಳ್ಳುತ್ತೇವೆ. ಉತ್ತರ ಬರೆದಿಡಿ, ಯಾರನ್ನಾದರೂ ಕಳಿಸುತ್ತೇನೆ."

ಓದಿ ಹೇಳಿದೆ. ಅತ್ತೆಗೆ ಕೆಮ್ಮು ಬರುವ ತನಕ ನಗು.

ಏಪ್ರಿಲ್ 14, ಸೋಮವಾರ

ಉಪವಾಸ. ಓದು ಬಿಟ್ಟ ಮೇಲೆ ಯಾರಿಗೂ ಒಂದು ಸಾಲು ಬರೆದವಳಲ್ಲ. ಆದರೂ ಸ್ಟುಡಿಯೋದವನಿಗೆ ಉತ್ತರ ಮೂರು ಸಲ ಹರಿದು ಬರೆದಿದ್ದೇನೆ. ಜಾಕೀಟು ಕೊಡುವುದಿಲ್ಲ. ಹುಡುಗಿಯರನ್ನು ನನ್ನ ಹತ್ತಿರ ಕಳಿಸಿ. ಅವರವರ ಬೆನ್ನಿಗೆ ತಕ್ಕ ಹಾಗೆ ಹೊಲಿಯುತ್ತೇನೆ. ಫೋಟೋ ಆದ ಮೇಲೆ ಅವರು ಅದನ್ನು ಬಿಚ್ಚಿ ಕೊಡಬೇಕಾಗಿಲ್ಲ, ತೊಟ್ಟುಕೊಂಡೇ ಮನೆಗೆ ಹೋಗಲಿ. ಆದರೆ ಸರದಿಯಲ್ಲಿ ಮೊದಲು ನಮ್ಮ ಅತ್ತೆ.

ಚೀಟಿ ಗಾಳಿಗೆ ಹಾರದ ಹಾಗೆ ಮೆಷಿನ್ನಿನ ಮೇಲೆ ಕತ್ತರಿಯ ಕೆಳಗೆ ಇಟ್ಟಿದ್ದೇನೆ. ಇವತ್ತೂ ಯಾರೂ ಬರಲಿಲ್ಲ. ಅತ್ತೆ ಆಗಲೇ ಎದ್ದು ನೆಟ್ಟಗೆ ಕೂತಿದ್ದಾರೆ, ಇವರು ರಸಮಟ್ಟ ಒರೆಸುತ್ತಿದ್ದಾರೆ. ಬಟ್ಟೆ ಹಾಸಿಯಾಗಿದೆ. ದೇವರೇ, ಯಾರನ್ನಾದರೂ ಬೇಗ ಕಳಿಸು. ಬಂದು ನನ್ನ ಉತ್ತರ ತೆಗೆದುಕೊಂಡು ಹೋಗಲಿ. ಕತ್ತರಿ ಬೇಕಾಗಿದೆ.