ಬಿದ್ದವಳನ್ನು ದಾಟಿ ಹೊಡೆದ ಗೋಲು

ನವೆಂಬರ್ 16, ಭಾನುವಾರ

ಅಂಬಿಕಾ ಹೊಡೆದ ಆ ಗೋಲು ಕಣ್ಣಮುಂದಿನಿಂದ ಹೋಗುತ್ತಿಲ್ಲ. ಮೂರು ವರ್ಷ ನಾನೇ ಆಟ ಕಲಿಸಿದ ಹುಡುಗಿ. ಓಟ ಚುರುಕು, ಎಡಗಾಲಿನ ಹೊಡೆತ ಬಿರುಸು. ಇವತ್ತು ಕೆಪೆ ಊರಿನ ಮೈದಾನದಲ್ಲಿ ಜಿಲ್ಲಾ ತಂಡದ ಆಯ್ಕೆ ಇತ್ತು. ಎದುರು ತಂಡದ ಗೋಲ್‌ಕೀಪರ್ ಲವಿತಾ ಮೊಣಕಾಲು ಹಿಡಿದುಕೊಂಡು ಬಿದ್ದು ಚೀರುತ್ತಿದ್ದಳು. ಅಂಬಿಕಾ ಅವಳನ್ನು ದಾಟಿ ಚೆಂಡನ್ನು ಬಲೆಗೆ ತಳ್ಳಿ ಕುಣಿದಳು. ಆಯ್ಕೆಗಾರರು ಚಪ್ಪಾಳೆ ತಟ್ಟಿದರು!

"ಆಕಿ ಅಳೂದು ಕೇಳಿಸಲಿಲ್ಲೇನ ನಿನಗ?" ಎಂದು ಕೇಳಿದೆ.

"ಕೇಳಿಸ್ತ್ರಿ ಸರ್. ಗೋಲ್ ಬಿಟ್ಟು ಬ್ಯಾರೆ ಏನೂ ನೋಡಬ್ಯಾಡ ಅಂತ ನೀವ ಹೇಳಿದ್ರಲ್ರಿ?"

ಹೇಳಿದ್ದು ನಿಜ. ದಿನಾ ಹೇಳುತ್ತೇನೆ.

ಸಂಜೆ ಅಂಬಿಕಾಳ ಬಗ್ಗೆ ಆಯ್ಕೆಗಾರರಿಗೆ ಕೊಡುವ ವರದಿಯಲ್ಲಿ, ಕೊರತೆ ಏನು ಎಂಬಲ್ಲಿ, 'ತಲೆಯಿಂದ ಚೆಂಡು ಹೊಡೆಯುವುದು ಸಾಲದು' ಎಂದಷ್ಟೇ ಬರೆದೆ. ಮುಂದೆ ರಾಜ್ಯ ತಂಡಕ್ಕೆ ಆಡಬಲ್ಲಳು ಎಂದೂ ಬರೆದು ಸಹಿ ಹಾಕಿದೆ.

ಲವಿತಾಳನ್ನು ನಾಲ್ವರು ಎತ್ತಿ ಆಸ್ಪತ್ರೆಗೆ ಒಯ್ಯುವಾಗ ನಾನು ಆಯ್ಕೆಗಾರರ ಕೈ ಕುಲುಕುತ್ತಿದ್ದೆ. ನಗುತ್ತಲೂ ಇದ್ದೆ. ಛೀ.