ಫ್ರಾನ್ಸಿನ ಸಂತೆಯಲ್ಲಿ ಅಜ್ಜಿಯ ನಿಂಬೆಹಣ್ಣು

ಅಜ್ಜಿ, ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದೆ ಅಂದ್ಕೋ.

ಫ್ರಾನ್ಸಿನ ಈ ಸಂತೆಯಲ್ಲಿ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿಗಿಂತ ಗದ್ದಲ. ಟೀವಿ ಆಟಗಳ ಐಡಿಯಾ ಮಾರ್ತಾರೆ, ಕೊಂಡವರು ತಮ್ಮ ದೇಶದಲ್ಲಿ ಆಡಿಸ್ತಾರೆ. ನಮ್ಮದು ಶಿವಾಜಿನಗರದಲ್ಲಿ ತರಕಾರಿ ಚೌಕಾಸಿ ಮಾಡಿ ಗೆಲ್ಲೋ ಆಟ. ಯಾರಾದ್ರೂ ಕದ್ದರೆ ಅಂತ ಕೇಳಿದ್ರೆ ನಮ್ಮ ವಕೀಲರು, "ಬರೀ ಐಡಿಯಾನ ಕಾನೂನು ಕಾಯಲ್ಲಮ್ಮ" ಅಂದ್ಬಿಟ್ರು. ಎರಡು ವರ್ಷದ ಕೆಲಸ! ನೀನು ಬ್ಯಾಗಿಗೆ ತುರುಕಿದ್ದ ನಿಂಬೆಹಣ್ಣು, ಮೆಣಸಿನಕಾಯಿನ ಸ್ಟಾಲ್ ಬಾಗಿಲಿಗೆ ಕಟ್ಟಿದೆ. ಏನಿದು ಅಂದೋರಿಗೆಲ್ಲ, "ಕಳ್ಳರ ಕಣ್ಣು ಬೀಳದಿರಲಿ ಅಂತ" ಅಂದೆ.

ಹೊಟ್ಟೆ ಸರಿಯಿದೆ, ರಾಗಿ ಹುರಿಹಿಟ್ಟು ಮುಗೀತು.

ಆಟವನ್ನ ಇನ್ನೂ ಯಾರೂ ಕದ್ದಿಲ್ಲ. ಆದ್ರೆ ಇವತ್ತು ನೋಡಿದ್ರೆ ಎದುರು ಸಾಲಿನ ಆರು ಸ್ಟಾಲಲ್ಲೂ ನಿಂಬೆಹಣ್ಣು ನೇತಾಡ್ತಿದೆ. ಒಬ್ಬರೂ ನಿನ್ನ ಹೆಸರು ಹಾಕಿಲ್ಲ!

ರಮ್ಯಶ್ರೀ