ಅವ್ವನ ಬೀಸುಕಲ್ಲು, ನನ್ನ ಕ್ಯಾಮೆರಾ

ಶನಿವಾರ ಪೇಟೆ, ಪುಣೆ
೧೨ ಫೆಬ್ರವರಿ ೧೯೩೦

ಪ್ರೀತಿಯ ಇಂದಕ್ಕಾ,

ನಿನ್ನ ತಮ್ಮನ ನಮಸ್ಕಾರ. ನಿನ್ನ ಸೊಂಟನೋವು ಈಗ ಹೇಗಿದೆ? ಅವ್ವನ ಭುಜಕ್ಕೆ ದಿನಾಲೂ ಎಣ್ಣೆ ತಿಕ್ಕುತ್ತೀ ತಾನೇ? ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ಯಾವಾಗಿನಂತೆ ಅವಳ ಮುಂದೆ ಗಟ್ಟಿಯಾಗಿ ಓದಬೇಡ. ಕೇಳಿದರೆ, ಪ್ರಲ್ಹಾದ ಆರಾಮ ಇದ್ದಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ ಎಂದು ನೀನೇ ಏನಾದರೂ ಕಟ್ಟಿ ಹೇಳು.

ಕ್ಯಾಮೆರಾ ಕಲಿಯುವ ನಾವು ಹುಡುಗರೆಲ್ಲ ಸೇರಿ ತೆಗೆದ ಚಿತ್ರ ಅಂತೂ ಮುಗಿಯಿತು. ಕ್ಯಾಮೆರಾದ ವಿದ್ಯೆಯೆಲ್ಲ ಅದರ ಹಿಡಿಕೆ ತಿರುಗಿಸುವುದರಲ್ಲಿದೆ. ಸೆಕೆಂಡಿಗೆ ಎರಡು ಸುತ್ತು, ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಕೈ ನಿಧಾನವಾದರೆ ಪರದೆಯ ಮೇಲೆ ಮನುಷ್ಯರು ಗಡಬಡಿಸಿ ಓಡುತ್ತಾರೆ. ಕಲಿಸುವ ದಿಗಂಬರ ಮಾಸ್ತರರು ಮೂರು ತಿಂಗಳು ಖಾಲಿ ಪೆಟ್ಟಿಗೆಯನ್ನೇ ತಿರುಗಿಸಲು ಹಚ್ಚಿದರು. ಲಯ ತಪ್ಪದಿರಲೆಂದು ಉಳಿದವರು ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡರು. ನಾನು ಅವ್ವ ಬೀಸುವುದನ್ನು ನೆನೆಸಿಕೊಂಡೆ, ಕಲ್ಲಿನ ಒಂದು ಸುತ್ತಿಗೆ ಹಿಡಿಕೆಯ ಎರಡು. ಅಪ್ಪ ಹೋದ ಮೇಲೆ ಊರ ಮಂದಿಯ ಜೋಳ ಬೀಸಿ ನಮ್ಮನ್ನು ಸಾಕಿದ ಕೈ ಅದು, ಅದರ ಲಯ ನನಗೆ ಬಾರದೇ ಇದ್ದೀತೇ? "ಶಾಬಾಸ್, ಧಾರವಾಡದ ಗಡಿಯಾರ!" ಎಂದರು ಮಾಸ್ತರರು. ಅದೇ ನನ್ನ ನೆತ್ತಿಗೇರಿತು.

ಚಿತ್ರದ ಕಥೆಯೂ ನನ್ನದೇ, ಬೀಸಿ ಬೀಸಿ ಮಗನನ್ನು ಓದಿಸುವ ತಾಯಿಯದು. ವೇಷ ಹಾಕುವವರು ಯಾಕೆ, ಸಾಕ್ಷಾತ್ ಅವ್ವನೇ ಇದ್ದಾಳಲ್ಲ ಎಂದು ಸಂಕ್ರಾಂತಿಯ ನೆಪದಲ್ಲಿ ಅವಳನ್ನು ಇಲ್ಲಿಗೆ ಕರೆಸಿಕೊಂಡೆ. ಮನೆಯೊಡತಿ ರಂಗೂಬಾಯಿಯ ಬೀಸುಕಲ್ಲನ್ನು ಅಂಗಳದ ಬಿಸಿಲಿಗೆ ಎಳೆದು ತಂದೆವು. ಅವ್ವ ಸೆರಗು ತಲೆಯ ಮೇಲೆಳೆದುಕೊಂಡು, "ಮಂದಿ ನಗ್ತಾರೇನೋ, ಪ್ರಲ್ಹಾದ?" ಎಂದಳು. "ಯಾಕ ನಗ್ತಾರವ್ವಾ? ಭಾಳ ಅಳ್ತಾರ ನೋಡು" ಎಂದೆ. ನಾನು ಶಾಣ್ಯಾ ಅಲ್ಲವೇ!

ಬೆಳಕು ಸರಿಹೋಗುವವರೆಗೆ ಎರಡು ತಾಸು ಅವಳನ್ನು ಸುಮ್ಮನೆ ಬೀಸಲು ಹಚ್ಚಿದ್ದೆ. ಹಿಡಿಕೆ ತಿರುಗಿಸಲು ಶುರು ಮಾಡುವ ಹೊತ್ತಿಗೆ ಅವಳ ಭುಜ ಸೋತಿತ್ತು. ಕಲ್ಲು ನಿಧಾನವಾಯಿತು, ಅದರ ಜೊತೆಗೇ ನನ್ನ ಕೈಯೂ, ಕಲ್ಲಿಗಿಂತ ಇನ್ನೂ ನಿಧಾನ. ನನಗೆ ಗೊತ್ತೇ ಆಗಲಿಲ್ಲ ಅಕ್ಕಾ. ಆ ಸಪ್ಪಳಕ್ಕೇ ಮಲಗಿ ಆ ಸಪ್ಪಳಕ್ಕೇ ಎದ್ದವನು ನಾನು, ಅದು ತಪ್ಪುತ್ತದೆಂದು ಎಣಿಸಿರಲೇ ಇಲ್ಲ. ಮರುದಿನ ಅವಳು ಖುಷಿಯಿಂದ ಊರಿಗೆ ಹೊರಟಳು.

ಮೊನ್ನೆ ರವಿವಾರ ಪರದೆಯ ಮೇಲೆ ಹಾಕಿ ನೋಡಿದೆವು. ಅವ್ವ ಮೈಮೇಲೆ ದೇವರು ಬಂದವಳಂತೆ ಗರಗರ ಬೀಸುತ್ತಿದ್ದಳು. ಸೆರಗಿನಿಂದ ಬೆವರು ಒರೆಸಿಕೊಂಡದ್ದು ನೊಣ ಹೊಡೆದುಕೊಂಡಂತೆ ಕಂಡಿತು. ಕೋಣೆಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಮಾಸ್ತರರೂ ನಕ್ಕರು. ಅವಳು ಯಾರೆಂದು ಅವರಿಗೆ ಗೊತ್ತಿರಲಿಲ್ಲವೇ? ಎಲ್ಲರಿಗೂ ಗೊತ್ತಿತ್ತು, ಅವಳ ಕೈಯ ಎಳ್ಳು ಹೋಳಿಗೆ ತಿಂದವರೇ ಎಲ್ಲ. ಆದರೆ ಅವರನ್ನು ಯಾವ ಬಾಯಿಂದ ಬೈಯಲಿ? ನಡುವೆ ಒಮ್ಮೆ ನನಗೂ ನಗು ಬಂತು. ನಿನಗಲ್ಲದೆ ಇದನ್ನು ಯಾರ ಮುಂದೆ ಹೇಳಲಿ? ಛೀ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಭಾವನವರಿಗೆ ನಮಸ್ಕಾರ, ಶ್ಯಾಮನಿಗೆ ಒಂದು ಮುದ್ದು. ಅವ್ವನ ಕಾಲಿಗೆ ನನ್ನ ಪರವಾಗಿ ನೀನೇ ಬೀಳು.

ನಿನ್ನ ತಮ್ಮ,
ಪ್ರಲ್ಹಾದ

ತಾ.ಕ.: ಟಪಾಲಿನ ಹೊತ್ತಾಯಿತು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಚಿತ್ರ ಶುರುವಾಗುವ ಮೊದಲು ಮಂದಿಯನ್ನು ನಗಿಸಲೆಂದು ಥಿಯೇಟರ್ ಮಾಲಕರೊಬ್ಬರು ಆ ಬೀಸುವ ತುಣುಕನ್ನು ಕೇಳಿ ಒಯ್ದಿದ್ದಾರೆ. ಅದರ ಮೇಲೆಯೇ ನನಗೆ ಇಲ್ಲಿನ ಒಂದು ಕಂಪನಿಯಲ್ಲಿ ನೌಕರಿಯೂ ಸಿಕ್ಕಿತು. ಯುಗಾದಿಗೆ ಆ ತುಣುಕು ಧಾರವಾಡದ ಅವರ ಥಿಯೇಟರಿಗೂ ಬರುತ್ತದೆ. ಚಿತ್ರ ಊರಿಗೆ ಬಂದ ಕೂಡಲೇ ಓಣಿಯ ಹೆಂಗಸರನ್ನೆಲ್ಲ ಕರೆದುಕೊಂಡು ನೋಡಲು ಹೋಗುತ್ತೇನೆಂದು ಅವ್ವ ಕಾದು ಕೂತಿದ್ದಾಳೆ ಎಂದು ನೀನೇ ಬರೆದಿದ್ದೀ. ಆ ವಾರ ಅವಳನ್ನು ಹೇಗಾದರೂ ಮಾಡಿ ಗದಗಿಗೆ, ಚಿಕ್ಕವ್ವನ ಮನೆಗೆ ಕಳಿಸಿಬಿಡು. "ನೀನು ಬೇಡ ಅನ್ನಬಾರದಿತ್ತೇ?" ಎಂದು ನನ್ನನ್ನು ಕೇಳುತ್ತೀ. ಮಾಸ್ತರರು ನನ್ನನ್ನು ಕೇಳಿಯೇ ಕೊಟ್ಟರು ಅಕ್ಕಾ. "ನಿಮ್ಮ ತಾಯಿ ಇದ್ದಾಳ ಇದರಾಗ, ಕೊಡ್ಲೇನೋ?" ಎಂದರು. ನಾನು ಹೂಂ ಅಂದೆ.